ಕೆ.ಆರ್. ಪೇಟೆಗೆ ಹೋದ ನನ್ನ ಚೀಲ

ಮೊನ್ನೆ ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಖಾಲಿ ಕಂಡಿತೆಂದು ಸಡಗರದಿಂದ ಕೂರಲು ಹೋದರೆ, ಅದರ ಮೇಲೊಂದು ಮಾಸಿದ ಟವೆಲ್ಲು. ಹಿಂದಿನ ಸೀಟಿನ ಹೆಂಗಸು, "ಜನ ಅವ್ರೆ," ಎಂದರು. ಜನ ಎಲ್ಲೂ ಕಾಣಲಿಲ್ಲ, ಟವೆಲ್ಲು ಮಾತ್ರ ಇತ್ತು. ನಮ್ಮ ಕಡೆ ಅಷ್ಟು ಸಾಕು. ಪಾಂಡವಪುರದ ತನಕ ನಿಂತೇ ಬಂದೆ, ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ. ಪಕ್ಕದವರು ಏನಂದುಕೊಂಡರೋ!

ಈ ಸೀಟು ಹಿಡಿಯುವ ವಿದ್ಯೆ ನಿಮಗೂ ಗೊತ್ತಿರುತ್ತದೆ ಬಿಡಿ. ಬಸ್ಸು ಇನ್ನೂ ನಿಂತಿರುವುದಿಲ್ಲ, ಆಗಲೇ ಕಿಟಕಿಯೊಳಕ್ಕೆ ಟವೆಲ್ಲು, ಕರ್ಚೀಫು, ಬುತ್ತಿ ಗಂಟು, ಒಂದೊಂದು ಸಲ ಎತ್ತಿಕೊಂಡ ಕೂಸು ಕೂಡ ತೂರಿ ಹೋಗುತ್ತದೆ. ಬಾಗಿಲಲ್ಲಿ ಎಷ್ಟೇ ನೂಕಾಟವಿರಲಿ, ಒಳಗೆ ಬಿದ್ದ ಟವೆಲ್ಲಿನ ಮೇಲೆ ಯಾರೂ ಕೂರುವುದಿಲ್ಲ. ಹೊರಗೆ ಒಬ್ಬರ ಕಾಲನ್ನೊಬ್ಬರು ತುಳಿಯುವ ಜನ ಒಳಗೆ ಬಂದ ಕೂಡಲೇ ಇಷ್ಟು ಮರ್ಯಾದಸ್ಥರಾಗುವುದು ಹೇಗೋ, ನನಗಂತೂ ಇನ್ನೂ ಅರ್ಥವಾಗಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಮೈಸೂರಿನಲ್ಲಿ ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದೆ. ಎರಡು ಇಂಟರ್‌ವ್ಯೂಗಳಲ್ಲಿ ಬಾಯಿ ಒಣಗಿ, ಒಂದು ಮಾತೂ ಹೊರಡದೆ ಎದ್ದು ಬಂದಿದ್ದೆ. ಮೂರನೆಯದು ನಾಗಮಂಗಲದ ಒಂದು ಹೈಸ್ಕೂಲಿನಲ್ಲಿ, ಹನ್ನೊಂದೂವರೆಗೆ. "ಇದೂ ಆಗದಿದ್ದರೆ ಕೆಲಸದ ಮಾತು ಬಿಟ್ಟು ಮದುವೆಗೆ ಒಪ್ಪಿಕೊ," ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಒಬ್ಬಳೇ ಅಷ್ಟು ದೂರ ಹೊರಟಿದ್ದು ಅದೇ ಮೊದಲು. ಅಮ್ಮನ ಉಪದೇಶ ಎರಡೇ: ದಾರಿಯಲ್ಲಿ ಯಾರ ಹತ್ತಿರವೂ ಮಾತಾಡಬೇಡ, ಚೀಲ ಕೈಬಿಡಬೇಡ. ಚೀಲದಲ್ಲಿ ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್. ತನಕದ ಮಾರ್ಕ್ಸ್ ಕಾರ್ಡುಗಳೂ ಶಾಲೆಯಿಂದ ಬಂದ ಪತ್ರವೂ ಇದ್ದವು.

ಪಾಂಡವಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ನಾಗಮಂಗಲದ ಬಸ್ಸು ಬಂದದ್ದೇ ತಡ, ಜನ ದಬದಬ ಓಡಿದರು. ನಾನೂ ಓಡಿದೆ. ಎಲ್ಲರೂ ಎಸೆಯುತ್ತಿದ್ದಾರೆ, ನಾನೇನು ಕಡಿಮೆ ಎಂದು ಚೀಲವನ್ನೇ ಕಿಟಕಿಯೊಳಕ್ಕೆ ಎಸೆದೆ. ಜನ ನೂಕಿದ ಕಡೆಗೆ ಹೋಗಿ ಬಾಗಿಲು ಹತ್ತಿ ಒಳಗೆ ನೋಡುತ್ತೇನೆ, ಚೀಲವಿಲ್ಲ! ಮಗ್ಗುಲಲ್ಲೇ ಇನ್ನೊಂದು ಬಸ್ಸು ನಿಂತಿತ್ತು. ಎರಡರ ನಡುವಿನ ಗದ್ದಲದಲ್ಲಿ ನಾನು ಎಸೆದದ್ದು ಅದರೊಳಕ್ಕೆ. ಅದು ಕೆ.ಆರ್. ಪೇಟೆಯದು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕುವಷ್ಟರಲ್ಲಿ ಹೊರಟೇ ಹೋಗಿತ್ತು.

ಇಪ್ಪತ್ಮೂರು ವರ್ಷದವಳು, ನಾಳೆ ಮಕ್ಕಳಿಗೆ ಬುದ್ಧಿ ಹೇಳಬೇಕಾದವಳು, ಬಸ್ಸಿನ ನಡುವೆ ನಿಂತು ಗೊಳೋ ಎಂದು ಅತ್ತೆ.

"ಯಾಕವ್ವಾ, ಏನಾಯ್ತು?" ಎಂದು ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡವರು ಗೌರಮ್ಮ. ಚಿನಕುರಳಿ ಕಡೆಯವರು, ನಾಗಮಂಗಲದಲ್ಲಿದ್ದ ಬಸುರಿ ಮಗಳಿಗೆ ಕಜ್ಜಾಯ ಕಟ್ಟಿಕೊಂಡು ಹೊರಟಿದ್ದರು. ನಾನು ಬಿಕ್ಕುತ್ತಲೇ ಎಲ್ಲ ಹೇಳಿ, ಇಳಿದು ಆ ಬಸ್ಸಿನ ಹಿಂದೆ ಹೋಗುತ್ತೇನೆ ಎಂದೆ.

"ಅದ್ರಿಂದೆ ಓದ್ರೆ ಚೀಲ ಸಿಕ್ತದೆ, ಕೆಲ್ಸ ಓಯ್ತದೆ. ನಿನ್ನ ಇಸ್ಕೂಲ್ ಎಸ್ರು ಚೀಲದಲ್ಲೈತಾ?"

"ಪತ್ರ ಇದೆ."

"ಅಂಗಾದ್ರೆ ಬತ್ತದೆ ಬುಡು. ಸೀಟ್ ಮ್ಯಾಗಿನ ಚೀಲವ ಯಾರ್ ಮುಟ್ಟಾರು?"

ಅಷ್ಟಕ್ಕೇ ಸುಮ್ಮನಾಗದೆ ಕಿಟಕಿಯಿಂದ ಬಗ್ಗಿ, ಬಸ್ ಸ್ಟ್ಯಾಂಡಿನ ಕಂಟ್ರೋಲರಿಗೆ ಕೂಗಿ ಹೇಳಿದರು: "ಸಾಮಿ, ಈ ಮಗಿನ ಚೀಲ ಪ್ಯಾಟೆ ಬಸ್ಸಲ್ಲಿ ಓಗ್ಬುಡ್ತು. ಇಂದ್ಗಡೆ ಬಸ್ನೋರ್ಗೆ ಏಳ್ಕಳ್ಸಿ!" ಆಮೇಲೆ ಮಗಳಿಗೆಂದು ಕಟ್ಟಿದ್ದ ಗಂಟು ಬಿಚ್ಚಿ ಎರಡು ಕಜ್ಜಾಯ ನನ್ನ ಕೈಗಿಟ್ಟರು. "ತಿನ್ನವ್ವ. ಅಸ್ದ್ ಒಟ್ಟೇಲಿ ಅತ್ರೆ ತಲೆ ನೋಯ್ತದೆ." ಅಮ್ಮನ ಎರಡು ಉಪದೇಶವೂ ಮಣ್ಣುಪಾಲಾಗಿದ್ದವು. ನಾನು ತಿಂದೆ.

ನಾಗಮಂಗಲದಲ್ಲಿ ಮಗಳ ಮನೆಗೆ ಹೋಗುವುದು ಬಿಟ್ಟು ಗೌರಮ್ಮ ನನ್ನ ಜೊತೆ ಶಾಲೆಗೇ ಬಂದರು. ಹೆಡ್‌ಮಾಸ್ಟರು ಎಲ್ಲ ಕೇಳಿ, "ದಾಖಲೆ ಇಲ್ಲದೆ ನಾನೇನು ಮಾಡಲಮ್ಮ? ನೀವು ಇವರಿಗೆ ಏನಾಗಬೇಕು?" ಎಂದರು.

"ಚಿಕ್ಕವ್ವ ಕಣ್ ಸಾಮಿ," ಎಂದರು ಗೌರಮ್ಮ. ರೆಪ್ಪೆ ಕೂಡ ಅಲುಗಲಿಲ್ಲ. "ಚೀಲ ಬತ್ತಾ ಐತೆ. ಅಲ್ಲೀಗಂಟ ಒಂದ್ ಪಾಠ ಮಾಡ್ಸಿ ನೋಡಿ. ಪಾಠ ಮಾಡಕ್ಕೆ ಕಾಗ್ದ ಯಾಕ್ಬೇಕು?"

ಹೆಡ್‌ಮಾಸ್ಟರಿಗೆ ನಗು ತಡೆಯಲಾಗಲಿಲ್ಲ. ಮೂರು ಗಂಟೆಗೆ ಆಡಳಿತ ಮಂಡಳಿಯವರು ಎದ್ದು ಹೋಗುತ್ತಾರೆ, ಅಷ್ಟರೊಳಗೆ ದಾಖಲೆ ಬಂದರೆ ಸರಿ, ಇಲ್ಲದಿದ್ದರೆ ಇಲ್ಲ ಎಂದರು. ಗೌರಮ್ಮ ನನ್ನ ತಲೆ ಸವರಿ ಮಗಳ ಮನೆಗೆ ಹೋದರು. ಎರಡು ಗಂಟೆಯ ಪರಿಚಯಕ್ಕೆ ಚಿಕ್ಕಮ್ಮನಾಗಿ ನಿಂತ ಆ ಹೆಂಗಸಿನ ಧೈರ್ಯ ದೊಡ್ಡದು. ಆಮೇಲೆ ಎಷ್ಟೋ ಓದಿದವರನ್ನು ಕಂಡಿದ್ದೇನೆ, ಅವರಲ್ಲಿ ಅದರ ಅರ್ಧವೂ ನನಗೆ ಕಾಣಲಿಲ್ಲ.

ನಾನು ಎಂಟನೇ ಕ್ಲಾಸಿಗೆ ಪಾಠ ಮಾಡಿದೆ. ಅಳುವುದೆಲ್ಲ ಅತ್ತು ಮುಗಿದಿತ್ತೋ ಏನೋ, ಬಾಯಿ ಒಣಗಲಿಲ್ಲ. ಮಂಡಳಿಯವರು ತಲೆದೂಗಿದರು. ಆದರೆ ಚೀಲ? ವರಾಂಡದ ಬೆಂಚಿನ ಮೇಲೆ ಕೂತು ಗೋಡೆ ಗಡಿಯಾರ ನೋಡುತ್ತಿದ್ದೆ. ಎರಡಾಯಿತು, ಎರಡೂಕಾಲಾಯಿತು. ಮದುವೆಗೆ ಒಪ್ಪಿಕೊಂಡರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳುವಷ್ಟಕ್ಕೆ ಇಳಿದಿದ್ದೆ.

ಎರಡೂವರೆಗೆ ಗೇಟಿನಲ್ಲಿ, ಕಾಲೆಲ್ಲ ಧೂಳು ಮಾಡಿಕೊಂಡ, ಹೊಸ ಪಂಚೆಯುಟ್ಟ ವಯಸ್ಸಾದವರೊಬ್ಬರು ನನ್ನ ಚೀಲವನ್ನು ಎದೆಗವಚಿಕೊಂಡು ಬಂದರು.

"ಪಾಂಡುಪುರದಲ್ಲಿ ನನ್ ಕಣ್ಮುಂದೇನೇ ಬಿತ್ತು ಕಣವ್ವ. ಕೂರಕ್ಕೆ ಬಂದೋರ್ಗೆಲ್ಲ ಜನ ಅವ್ರೆ, ಜನ ಅವ್ರೆ ಅಂದೆ. ಜನವೇ ಬರ್ನಿಲ್ಲ! ನಾನೂ ಕೂರ್ನಿಲ್ಲ, ನಿಂತ್ಕಂಡೇ ಓದೆ. ಪ್ಯಾಟೇಲಿ ಕಂಡಕ್ಟ್ರು ಕಾಗ್ದ ಓದಿ, ಪಾಪ ಇಂಟ್ರೂ ಕಣಯ್ಯ ಅಂದ್ರು. ಇನ್ನೇನ್ ಮಾಡದು, ನಾಗಮಂಗ್ಲದ ಬಸ್ ಅತ್ತಿ ಬಂದ್ಬುಟ್ಟೆ. ಎಲ್ಲಾ ಅಂಗೇ ಐತೆ, ನೋಡ್ಕೊ."

ನನ್ನ ಚೀಲವನ್ನು ಸೀಟಿನ ಮೇಲೆ ಕೂರಿಸಿ, ಆ ಮುದುಕರು ಕೆ.ಆರ್. ಪೇಟೆಯ ತನಕ ನಿಂತು ಹೋಗಿದ್ದರು! ನಾನು ಅವರೆದುರಿಗೇ ಮಾರ್ಕ್ಸ್ ಕಾರ್ಡುಗಳನ್ನು ಒಂದು, ಎರಡು ಎಂದು ಎಣಿಸಿ, ಸರಿಯಿದೆ ಎಂದು ಒಳಗೆ ಓಡಿದೆ.

ಕೆಲಸ ಸಿಕ್ಕಿತು. ಹೊರಗೆ ಬಂದು ನೋಡಿದರೆ ಅವರಿಲ್ಲ. ಪ್ಯೂನು ಹೇಳಿದ: "ತಮ್ಮಯ್ಯ ಅಂತೆ ಕಣ್ ಮೇಡಂ, ಬಸ್ಸಿಗೆ ಒತ್ತಾಯ್ತು ಅಂತ ಓದ್ರು. ಪ್ಯಾಟೇಲಿ ಬೀಗ್ರೂಟಕ್ಕೆ ಒಂಟಿದ್ರಂತೆ. ನಿಮ್ ಚೀಲದ ದೆಸೆಯಿಂದ ಬಾಡೂಟ ಓಯ್ತು ನೋಡಿ!" ಯಾವ ಊರು ಎಂದು ಅವನೂ ಕೇಳಿರಲಿಲ್ಲ.

ಇವತ್ತಿಗೂ ಅದೇ ಶಾಲೆಯಲ್ಲಿದ್ದೇನೆ. ಸ್ಟಾಫ್ ರೂಮಿಗೆ ಹೊಸಬರು ಬಂದಾಗಲೆಲ್ಲ ಈ ಕಥೆ ಹೇಳುತ್ತೇನೆ. ನಮ್ಮ ಕಡೆಯ ಮನುಷ್ಯ ಬೀಗರೂಟ ಬಿಟ್ಟು ಬಂದನಲ್ಲ ಎಂಬಲ್ಲಿಗೆ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ನಾನೂ ನಗುತ್ತೇನೆ. ಇವತ್ತು ನಿಮಗೆಂದು ಬರೆಯಲು ಕೂತಾಗ ನಗು ನಿಂತುಹೋಯಿತು. ಊಟಕ್ಕೆಂದೇ ಮನೆಯಿಂದ ಹೊರಟವರು. ನನ್ನ ಮುಂದೆ ಬಂದು ನಿಂತಾಗ ಎರಡೂವರೆ. ನಮ್ಮ ಸೀಮೆಯಲ್ಲಿ ಬಾಗಿಲಿಗೆ ಬಂದ ಗುರುತಿಲ್ಲದವರನ್ನೂ 'ಊಟ ಆಯ್ತಾ' ಎಂದು ಕೇಳದೆ ಕಳಿಸುವುದಿಲ್ಲ.

ನಾನು ತಮ್ಮಯ್ಯನವರನ್ನು ಕೇಳಲಿಲ್ಲ.