ಸೀಸದ ಹೊಲಕ್ಕೆ ಕೆರೆಮಣ್ಣು

ಹುಮನಾಬಾದಿನ ಹೊರಗೆ ಕಾಕುವಿನ ಅರ್ಧ ಎಕರೆ ಇದೆ. ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಹೊಲದ ಮೇಲ್ಗಡೆ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡು. ಅದರ ಕೊಳೆನೀರು ಮಳೆಗಾಲದಲ್ಲಿ ಹೊಲದೊಳಗೆ ನುಗ್ಗಿ, ಆಮೇಲೆ ಊರ ಕೆರೆ ಸೇರುತ್ತದೆ. ಕಾಕು ಅಲ್ಲಿ ಪುಂಡಿ, ಪಾಲಕ ಬೆಳೆಯುತ್ತಾಳೆ. ಮೂರು ವರ್ಷದ ಮೊಮ್ಮಗಳು ದಿನಾ ಉಣ್ಣುವುದು ಅದೇ ಸೊಪ್ಪು.

ಮಣ್ಣು ಪರೀಕ್ಷೆ ಮಾಡಿಸಿ ಸೀಸ ಇದೆ ಎಂದವನು ನಾನು. ಮದ್ದು ಹೇಳಿದವನೂ ನಾನೇ. ಅದನ್ನೇ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದೆ: ಜೇಡಿಮಣ್ಣಿನ ಪದರುಗಳು ಸೀಸವನ್ನು ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಸೀಸ ಹೋಗುವುದಿಲ್ಲ, ಕಟ್ಟಿಬಿದ್ದಿರುತ್ತದೆ, ಅಷ್ಟೆ. ಮುಡಬಿ ಕಡೆಯ ಕಪ್ಪು ಎರೆಮಣ್ಣು ತಂದು ಈ ಕೆಂಪು ಹೊಲಕ್ಕೆ ಬೆರೆಸು ಎಂದು ಕಾಕುವಿಗೆ ಹೇಳಿದೆ. ಹಾಗಂತ ನನ್ನ ನೆನಪು.

ನಮ್ಮ ಕಡೆ ಕೆಂಪು ಹೊಲದವರು ಬೇಸಿಗೆಯಲ್ಲಿ ಕೆರೆ ಬತ್ತಿದ ಕೂಡಲೇ ತಳದ ಕಪ್ಪು ಹೂಳು ಹೇರಿಕೊಂಡು ಬರುತ್ತಾರೆ. ಕಪ್ಪು ಮಣ್ಣು ಎಂದರೆ ಅವರಿಗೆ ಕೆರೆಮಣ್ಣೇ. ಕಾಕುವೂ ಅದನ್ನೇ ಹಾಕಿಸಿದಳು. ಅದೂ ಜೇಡಿಯೇ, ಸುಳ್ಳಲ್ಲ. ಆದರೆ ಶೆಡ್ಡಿನ ನೀರು ಕುಡಿದು ಕುಡಿದು ಸೀಸ ತುಂಬಿಕೊಂಡಿದ್ದ ಜೇಡಿ. ಮರುವರ್ಷ ಸೊಪ್ಪು ಪರೀಕ್ಷೆ ಮಾಡಿಸಿದರೆ ಸೀಸ ಮೊದಲಿಗಿಂತ ಹೆಚ್ಚಾಗಿತ್ತು.

"ಕೆರಿ ಮಣ್ಣ ಯಾಕ ಹಾಕಿದಿ ಕಾಕು?" ಎಂದು ನಾನು ರೇಗಿದೆ.

"ನೀನೇ ಹೇಳಿದಿಪಾ! ಇಲ್ಲೇ ಕಟ್ಟಿ ಮ್ಯಾಲ ಕುಂತು, ಚಹಾ ಕುಡ್ಕೋತ."

"ನಾ ಎರೆಮಣ್ಣು ಅಂದಿರಬೇಕು."

"ಅಂದಿರಬೇಕು ಅಂದ್ರ? ಅಂದಿಯೋ ಇಲ್ಲೋ? ಅಷ್ಟು ಓದಿ ನಿನ್ನ ಮಾತ ನಿನಗ ನೆನಪಿಲ್ಲ?"

ಇರಲಿಲ್ಲ. ಕಟ್ಟೆ ನೆನಪಿದೆ, ಚಹಾ ನೆನಪಿದೆ, ಆಡಿದ ಮಾತು ಮಾತ್ರ ಎರಡೂ ರೀತಿ ಕೇಳಿಸುತ್ತದೆ. ಎಲ್ಲರನ್ನೂ ಪುರಾವೆ ಕೇಳುವ ನಾನು, ನನಗೆ ಅನುಕೂಲವಾದ ನೆನಪನ್ನು ಪುರಾವೆಯಿಲ್ಲದೆ ನಂಬಿಕೊಂಡಿದ್ದೆ.

ಆ ಸಿಟ್ಟಿನಲ್ಲೇ ಮಾಲಿನ್ಯ ನಿಯಂತ್ರಣ ಕಚೇರಿಗೆ ಹೋದೆ. ಶೆಡ್ಡಿನ ಮೇಲೆ ಕಾಕು ಹಿಂದೆ ಕೊಟ್ಟಿದ್ದ ದೂರನ್ನು ಮುಚ್ಚಿಬಿಟ್ಟಿದ್ದರು. ಅಧಿಕಾರಿ ನಗುತ್ತ ಹೇಳಿದ: "ಜೇಡಿ ಹಾಕಿ ಜಮೀನ್ ಸುಧಾರಿಸ್ಯಾರ ಅಂತ ಶೆಡ್ಡಿನವರು ಬರ್ದು ಕೊಟ್ಟಾರ್ರಿ. ನಿಮ್ಮದೇ ಮದ್ದು-ಇಲಾಜ್ ಅಲ್ಲೇನ್ರಿ? ಮತ್ಯಾಕ ತಕರಾರ್ ಮಾಡಾಕತ್ತೀರಿ?"

ಶೆಡ್ಡಿನ ಕೊಳೆನೀರಿನ ಪೈಪು ಇನ್ನೂ ಹರಿಯುತ್ತಿದೆ. ಹರಿಯುವ ವಿಷದ ಬಾಯಿ ಮುಚ್ಚದೆ ಯಾವ ಜೇಡಿ ಹಾಕಿದರೇನು? ನನ್ನ ವಿದ್ಯೆ ಆ ಹೊಲದ ಉಪಯೋಗಕ್ಕೆ ಬರಲಿಲ್ಲ, ಶೆಡ್ಡಿಗೆ ಮಾತ್ರ ರಹದಾರಿಯಾಯಿತು.

"ಆ ಇಲಾಜು ಕೆಟ್ಟದ್ರಿ. ಕಾಗದ ಕೊಡ್ರಿ," ಎಂದೆ. ಹೊಸ ದೂರಿನ ಮೊದಲ ಸಾಲಿನಲ್ಲೇ ಬರೆದೆ: ಕೆರೆಮಣ್ಣು ಹಾಕಲು ಹೇಳಿದವನು ನಾನು, ಅದರಿಂದ ಹೊಲ ಇನ್ನಷ್ಟು ಕೆಟ್ಟಿದೆ. ಹೇಳಿದ್ದೆನೋ ಇಲ್ಲವೋ, ಇಂದಿಗೂ ಗೊತ್ತಿಲ್ಲ. ಇಲಾಜು ಹೇಳಿದವನೇ ಕೆಟ್ಟಿದೆ ಎಂದು ಬರೆದ ಮೇಲೆ ಶೆಡ್ಡಿನವರ ಕಾಗದ ನಿಲ್ಲುವಂತಿರಲಿಲ್ಲ; ಅಧಿಕಾರಿಯ ನಗು ನಿಂತಿತು. ದೂರಿನ ಪ್ರತಿಗೆ ಮೊಹರು ಹಾಕಿಸಿಕೊಂಡು ಬಂದೆ.

ಕಾಕು ಆ ಕಾಗದವನ್ನು ನನ್ನಿಂದ ಓದಿಸಿ ಕೇಳಿಸಿಕೊಂಡಳು. "ಛಲೋ ಆತು," ಎಂದವಳು ಹೊಲಕ್ಕೆ ಇಳಿದು ಪಾಲಕನ್ನು ಬೇರುಸಮೇತ ಕಿತ್ತು ಬದುವಿನಾಚೆ ಎಸೆಯತೊಡಗಿದಳು.

"ಸಂಜೀಕ ಕೂಸು ಪಾಲಕ ಕೇಳ್ತದ. ಏನ್ ಹೇಳ್ಲಿ?"

ನಾನೂ ಇಳಿದು ಎರಡನೇ ಸಾಲಿನಿಂದ ಕೀಳಲು ಶುರು ಮಾಡಿದೆ.