ಕಾಡೆಮ್ಮೆಯತ್ತ ಎಸೆದ ಕಾಯಿ

ಕುದುರೆಮುಖದ ಕಾಡಿನಲ್ಲಿ ನಮ್ಮ ತಿಪಟೂರಿನ ಟೂರಿಸ್ಟ್ ಬಸ್ಸು ನಿಂತಿತು. ಹುಲ್ಲುಗುಡ್ಡದ ಮೇಲೆ ಕಾಡೆಮ್ಮೆಯೊಂದು ನಮಗೆ ಬೆನ್ನು ಹಾಕಿಕೊಂಡು ಕರುವಿಗೆ ಹಾಲೂಡಿಸುತ್ತಿತ್ತು. ಹೊನ್ನವಳ್ಳಿಯ ಕೊಬ್ಬರಿ ವ್ಯಾಪಾರಿ ಶಿವಣ್ಣ ಕ್ಯಾಮೆರಾ ಹಿಡಿದು, "ತಿರುಗೇ ಇತ್ಲಾಗೆ, ಪಟ ತೆಗೀಬೇಕು!" ಎಂದು ಕೂಗಿದ. ಅದು ತಿರುಗಲಿಲ್ಲ. ಘಟ್ಟ ಇಳಿಯುವ ಮುಂಚೆ ಗಣಪತಿಗೆ ಈಡುಗಾಯಿ ಒಡೆಯಲೆಂದು ತಂದಿದ್ದ ತೆಂಗಿನಕಾಯಿಯನ್ನೇ ಬೀಸಿ ಎಸೆದ. ಅದು ಕರುವಿನ ಕಾಲಿಗೆ ಬಡಿಯಿತು. ಕರು ಕುಂಟುತ್ತ ತಾಯಿಯ ಹಿಂದೆ ಪೊದೆ ಸೇರಿತು. ಬಸ್ಸಿನವರೆಲ್ಲ ನಕ್ಕರು. ಕಾಯಿಗೆ ಕಾಲು ಸೋಕಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು! ನನಗೆ ಮೈಯೆಲ್ಲ ಉರಿಯಿತು.

ಗಣಪತಿ ಗುಡಿಯ ಮುಂದೆ ಬಸ್ಸು ನಿಂತಾಗ ಶಿವಣ್ಣ ಪೂಜೆಗೆಂದು ನಾನು ತಂದಿದ್ದ ಕಾಯಿಗಳ ಚೀಲದತ್ತ ಕೈಚಾಚಿದ. "ಅಕ್ಕಾ, ಒಂದು ಕಾಯಿ ಕೊಡಿ. ಒಡೀದೆ ಘಟ್ಟ ಇಳಿಯೋದು ಹೆಂಗೆ?"

ನಾನು ಚೀಲದ ಬಾಯಿ ಬಿಗಿದು ಕಟ್ಟಿದೆ. "ದೇವ್ರ ಕಾಯಿ ಗುಡ್ಡದ ಮೇಲೆ ಬಿದ್ದದೆ ಕಣಪ್ಪ. ಆ ಕರೂನ ಅವ್ವನ್ನ ಕೇಳಿ ಎತ್ಕೊಂಡು ಬಾ."