ನೆಟ್ಟಿಲ್ಲದ ಮೈದಾನ

ನಾನು ಫುಟ್‌ಬಾಲ್ ಕಲಿತದ್ದು ಮಾಚೇನಹಳ್ಳಿಯ ಒಂದು ಹಳೇ ವರ್ಕ್‌ಶಾಪ್ ಶೆಡ್ಡಿನಲ್ಲಿ. ನೆಲಕ್ಕೆ ಹಸಿರು ಟರ್ಫ್, ಸುತ್ತ ಬಿಗಿಯಾಗಿ ಕಟ್ಟಿದ ನೈಲಾನ್ ನೆಟ್, ಮೇಲೆ ತಗಡು. ಮಳೆಯಿರಲಿ ಬಿಸಿಲಿರಲಿ, ವರ್ಷವಿಡೀ ಪ್ರಾಕ್ಟೀಸ್. ಅಲ್ಲಿ ಚೆಂಡು ಔಟ್ ಆಗುವುದೇ ಇಲ್ಲ, ನೆಟ್ಟಿಗೆ ಬಡಿದು ವಾಪಸ್ ಬರುತ್ತದೆ. ನಾವೂ ಹಾಗೆಯೇ. ಎದುರಿನವಳು ಚೆಂಡು ಬಿಡದಿದ್ದರೆ ಭುಜ ಕೊಟ್ಟು ನೆಟ್ಟಿಗೆ ಅಪ್ಪಳಿಸಬೇಕು. ಅವಳು ಸಾವರಿಸಿಕೊಳ್ಳುವಷ್ಟರಲ್ಲಿ ಚೆಂಡು ನಮ್ಮದು. ಶಿವಮೊಗ್ಗದ ನಮ್ಮ ಕ್ಲಬ್ಬಿನಲ್ಲಿ ಇದನ್ನು ಯಾರೂ ಫೌಲ್ ಅನ್ನುತ್ತಿರಲಿಲ್ಲ. ಹದಿನೈದು ತುಂಬುವಷ್ಟರಲ್ಲಿ ನನ್ನ ಭುಜಕ್ಕೆ ಒಳ್ಳೆ ಹೆಸರು ಬಂದಿತ್ತು. ನನಗೆ ಅದರ ಜಂಬವೂ ಇತ್ತು.

ಆ ವರ್ಷ ಜಿಲ್ಲಾ ತಂಡಕ್ಕೆ ಇನ್ನೊಬ್ಬಳನ್ನು ಮಾತ್ರ ತೆಗೆದುಕೊಳ್ಳುವುದಿತ್ತು. ನಾನು, ಇಲ್ಲವೇ ಭದ್ರಾವತಿ ಕ್ಲಬ್ಬಿನ ಒಬ್ಬ ಹುಡುಗಿ. ಕಾರ್ಖಾನೆ ಕ್ವಾರ್ಟರ್ಸಿನವಳು, ಓಟದಲ್ಲಿ ನನಗಿಂತ ಮೇಲು. ಅದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು. ಆಯ್ಕೆ ಮಾಡುವವರ ಮುಂದೆ ಎರಡೂ ಕ್ಲಬ್ಬಿಗೆ ಮ್ಯಾಚ್ ಇಟ್ಟರು. ಭದ್ರಾವತಿಯ ಬಯಲು ಮೈದಾನ. ಗೆರೆ ದಾಟಿ ಎರಡು ಹೆಜ್ಜೆಗೆ ಸಿಮೆಂಟ್ ಚರಂಡಿ.

ಅವಳು ನನ್ನನ್ನು ಮೂರು ಸಲ ದಾಟಿದಳು. ಮೂರನೇ ಸಲ ಚೆಂಡನ್ನು ನನ್ನ ಎರಡು ಕಾಲಿನ ನಡುವೆ ತೂರಿಸಿ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. ಗೆರೆಯ ಪಕ್ಕ ಅಪ್ಪ ಗಂಟಲು ಹರಿದುಕೊಳ್ಳುತ್ತಿದ್ದರು.

"ಏನೇ ನೋಡ್ತಾ ನಿಂತಿದೀಯ? ಹಾಕೇ ಭುಜ!"

ಮುಂದಿನ ಸಲ ಅವಳು ಗೆರೆಯಂಚಿಗೆ ಬಂದಾಗ ಹಾಕಿದೆ. ಶೆಡ್ಡಿನಲ್ಲಿ ಹಾಕುವಷ್ಟೇ ಜೋರಾಗಿ. ಇಲ್ಲಿ ನೆಟ್ ಇಲ್ಲ ಅನ್ನುವುದು ತಲೆಗೆ ಹೊಳೆದದ್ದು ಅವಳ ಕಾಲು ನೆಲ ಬಿಟ್ಟ ಮೇಲೆ. ಮೊಣಕಾಲು ಚರಂಡಿಯ ಅಂಚಿಗೆ ಬಡಿದು ಒಣ ಸೌದೆ ಮುರಿದ ಹಾಗೆ ಸದ್ದಾಯಿತು. ಕಾಲು ತಿರುಗಬಾರದ ಕಡೆ ತಿರುಗಿತ್ತು. ಅವರ ತಂಡದವರು ನನ್ನ ಜುಟ್ಟು ಹಿಡಿದು ಎಳೆದರು, ನಾನು ಒಬ್ಬಳ ಕೈ ಕಚ್ಚಿದೆ. ಅಪ್ಪ ಅವರ ಕೋಚ್ ಕಾಲರಿಗೆ ಕೈ ಹಾಕಿದರು. ರೆಫ್ರಿ ನನಗೊಂದು ಹಳದಿ ಕಾರ್ಡ್ ತೋರಿಸಿ ಸುಮ್ಮನಾದ.

ಸಂಜೆಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ವಾಪಸ್ ಬರುವಾಗ ಅಪ್ಪ ಮಲವಗೊಪ್ಪದಲ್ಲಿ ಬೈಕ್ ನಿಲ್ಲಿಸಿ ಕಬ್ಬಿನ ಹಾಲು ಕೊಡಿಸಿದರು. "ಆಟ ಅಂದ್ರೆ ಹಂಗೇ ಮಾರಾಯ್ತಿ, ತಲೆ ಕೆಡಿಸ್ಕೋಬೇಡ" ಅಂದರು. ಹಾಲು ರುಚಿಯಾಗಿಯೇ ಇತ್ತು. ಅದಕ್ಕೇ ನನ್ನ ಮೇಲೆ ನನಗೆ ಅಸಹ್ಯವಾಯಿತು.

ಹತ್ತು ದಿನ ಬಿಟ್ಟು ಅಮ್ಮ ಹಟ ಹಿಡಿದು ನನ್ನನ್ನು ಅವಳ ಮನೆಗೆ ಕರೆದುಕೊಂಡು ಹೋದಳು. ಅವಳು ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲಿದ್ದಳು.

"ಸೆಲೆಕ್ಟ್ ಆದ್ಯಾ?"

"ಹೂಂ."

ಪಕ್ಕದಲ್ಲಿದ್ದ ಸ್ಟೀಲ್ ಚೊಂಬು ಹಾರಿಬಂದು ನನ್ನ ಹುಬ್ಬು ಸೀಳಿತು. ಕಣ್ಣಿಗೆ ರಕ್ತ ಇಳಿಯಿತು. "ಇನ್ಮೇಲೆ ಆಡಂಗೇ ಇಲ್ಲ ಅಂದ್ರು ಡಾಕ್ಟ್ರು, ಗೊತ್ತೇನೇ ನಿಂಗೆ?" ಎಂದು ಕಿರುಚುತ್ತಿದ್ದಳು. ಒಳಗಿಂದ ಓಡಿಬಂದ ಅವಳ ತಾಯಿ ಮಂಚದ ಮೇಲಿದ್ದ ಮಗಳ ಕೆನ್ನೆಗೆ ಫಟ್ಟನೆ ಬಾರಿಸಿದರು. ಆಮೇಲೆ ಸೆರಗನ್ನು ನನ್ನ ಹುಬ್ಬಿಗೆ ಒತ್ತಿ ಹಿಡಿದು, "ತಪ್ಪಾಯ್ತಮ್ಮ, ನಮ್ಮ ಹುಡ್ಗಿಗೆ ಬುದ್ಧಿ ಇಲ್ಲ" ಅಂದರು. ಅಲ್ಲಿಯವರೆಗೆ ತಪ್ಪಾಯ್ತು ಅನ್ನುವ ಮಾತು ನನ್ನ ಬಾಯಿಂದ ಬಂದಿರಲಿಲ್ಲ.

"ಪರವಾಗಿಲ್ಲ ಆಂಟಿ" ಅಂದೆ.